ಹನ್ನೆರಡು ಸಾವಿರ ಎಂತದು?

ಆಟಕ್ಕೆ ಸಾಮಾನೇನೂ ಬೇಡ. ಮಳೆಗಾಲದ ಸಂಜೆ ಕರೆಂಟು ಹೋಗಿ, ಮೊಬೈಲಿನ ಚಾರ್ಜೂ ಮುಗಿದಿದ್ದರೆ ಸಾಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈ ಎರಡಕ್ಕೂ ಬರಗಾಲವಿಲ್ಲ. ಜಗಲಿಯಲ್ಲಿ ಕೂತವರಲ್ಲಿ ಒಬ್ಬರು ಒಂದು ಎನ್ನಬೇಕು, ಪಕ್ಕದವರು ಎರಡು, ಅವರಾಚೆಯವರು ಮೂರು. ಬರೀ ಅಂಕಿ ಹೇಳಿದರೆ ಆಗದು. ಆ ಅಂಕಿಗೆ ಸೇರಿದ ನಿಜವೊಂದನ್ನು ಜೊತೆಗೇ ಹೇಳಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದವರು ಔಟು.

ಹತ್ತರವರೆಗೆ ಯಾರೂ ಔಟಾಗುವುದಿಲ್ಲ. ಹಳೆಯ ಕವಿಗಳೂ ಶಾಸನ ಬರೆದವರೂ ಈ ದಾರಿಯನ್ನು ಮೊದಲೇ ಸವೆಸಿಟ್ಟಿದ್ದಾರೆ. ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು. ಇಂಥ ಪದಗಳನ್ನು ಪೋಣಿಸಿ ಶಕವರ್ಷ ಬರೆಯುತ್ತಿದ್ದರು. ಓದುವವನು ಬಲದಿಂದ ಎಡಕ್ಕೆ ಅಂಕಿ ಇಟ್ಟುಕೊಳ್ಳಬೇಕು. ಅಂಕಿಯಲ್ಲಿ ಒಂದು ಗೀಟು ಅಳಿಸಿದರೆ ಕಾಲವೇ ಬದಲಾದೀತು, ಪದವಾದರೆ ಛಂದಸ್ಸಿಗೆ ಕಟ್ಟಿಕೊಂಡು ನಿಂತಿರುತ್ತದೆ. ಭತ್ತ ಅಳೆಯುವವರದು ಇನ್ನೊಂದು ದಾರಿ. ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎಂದೇ ಎಣಿಕೆ ಶುರುಮಾಡುತ್ತಿದ್ದರು.

ಹತ್ತು ದಾಟಿದ ಮೇಲೆ ಅಜ್ಜ ಅಜ್ಜಿಯರದೇ ಮೇಲುಗೈ. ದೀಪ ಹಚ್ಚಿದ ಮೇಲೆ ಬಾಯಿಪಾಠ ಹೇಳಿಯೇ ಬೆಳೆದವರು ಅವರು: ಮಗ್ಗಿ, 12 ರಾಶಿ, 27 ನಕ್ಷತ್ರ, 60 ಸಂವತ್ಸರ. ಹದಿನಾಲ್ಕಕ್ಕೆ ಒಬ್ಬರು ಚೆನ್ನೆಮಣೆಯ ಗುಳಿ ಎಂದರೆ, ಯಕ್ಷಗಾನದ ಹುಚ್ಚಿರುವವರು ಅಷ್ಟತಾಳ ಎಂದು ತೊಡೆ ತಟ್ಟಿಯೇ ತೋರಿಸುತ್ತಾರೆ. ಇಪ್ಪತ್ತೇಳು ಬಂದಾಗ ಲೆಕ್ಕ ಸ್ವಲ್ಪ ರುಚಿಗಟ್ಟುತ್ತದೆ. ವರ್ಷದ 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದಕ್ಕೆ ಹದಿಮೂರೂವರೆ ದಿನ. ಆರಿದ್ರೆ ಮಳೆ, ಪುನರ್ವಸು ಮಳೆ, ಪುಷ್ಯದ ಮಳೆ ಎನ್ನುವಾಗ ರೈತ ಹೇಳುವುದು ಈ ಹದಿಮೂರು, ಹದಿನಾಲ್ಕು ದಿನಗಳ ಕಂತನ್ನೇ. ಬಾಯಿಪಾಠವನ್ನು ಅರ್ಥವಿಲ್ಲದ ಗಿಳಿಪಾಠ ಎಂದು ಹಳಿಯುವುದು ಈಗ ರೂಢಿ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಬರೀ 27 ಎಂಬುದು ಇರಲೇ ಇಲ್ಲ, ಅದು ಯಾವತ್ತೂ ನಕ್ಷತ್ರವೇ.

ನೂರರ ಆಚೆ ದೊಡ್ಡ ಅಂಕಿಗೆ ಹಾರಲು ಅನುಮತಿ ಉಂಟು. ಜಗಳ ಶುರುವಾಗುವುದೂ ಅಲ್ಲಿಂದಲೇ. ಸಾವಿರ ಎಂದ ಕೂಡಲೇ ಮಕ್ಕಳು ಸಹಸ್ರಲಿಂಗ ಎನ್ನುತ್ತಾರೆ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಶಾಲ್ಮಲೆಯ ಬಂಡೆಗಳ ಮೇಲೆ ಸೋದೆ ಅರಸರ ಕಾಲದಲ್ಲಿ ಕೆತ್ತಿದ ಲಿಂಗಗಳು; ಹೊಳೆ ಇಳಿದಾಗ ಮೇಲೇಳುತ್ತವೆ, ಶಿವರಾತ್ರಿಗೆ ಜನ ಸೇರುತ್ತಾರೆ. ಎಣಿಸಿದವರು ಯಾರು ಎಂದು ಒಬ್ಬ ತಕರಾರು ತೆಗೆದೇ ತೆಗೆಯುತ್ತಾನೆ. ನನ್ನ ತೀರ್ಪು ಮಕ್ಕಳ ಕಡೆಗೇ. ಇಲ್ಲಿ ಸಾವಿರ ಎಂಬುದು ಬಹಳ ಎನ್ನುವುದಕ್ಕೆ ಭಕ್ತಿಯ ಮಾತು. ಯಾರೂ ಅದನ್ನು ನಂಬಿ ಸಾಲ ಕೊಟ್ಟಿಲ್ಲ, ಯಾರಿಗೂ ಅದರಿಂದ ಮೋಸವಾಗಿಲ್ಲ.

ಕಷ್ಟವಿರುವುದು ಹನ್ನೆರಡು ಸಾವಿರದಲ್ಲಿ. ಶಿರಸಿ ತಾಲೂಕಿನ ಬನವಾಸಿಯ ಸುತ್ತಲ ನಾಡನ್ನು ಹಳೆಯ ಶಾಸನಗಳು ಕರೆಯುವುದೇ ಬನವಾಸಿ ಹನ್ನೆರಡು ಸಾವಿರ ಎಂದು. ಊರಿನ ಹೆಸರಿಗೆ ಅಂಕಿಯನ್ನು ಅಂಟಿಸುವ ಪದ್ಧತಿ ಅದು. ಹಾನುಂಗಲ್ಲು 500, ಸಾಂತಳಿಗೆ 1000, ನೊಳಂಬವಾಡಿ 32000, ಗಂಗವಾಡಿ 96000. ಅಂಕಿ ಹೇಳಿದವನಿಗೆ ಎದುರಿನವರು ಕೇಳುವ ಪ್ರಶ್ನೆ ಒಂದೇ: “ಹನ್ನೆರಡು ಸಾವಿರ ಎಂತದು?”

ಹಳ್ಳಿ ಎಂದರು ಕೆಲವು ವಿದ್ವಾಂಸರು, ತೆರಿಗೆಯ ಹುಟ್ಟುವಳಿ ಎಂದರು ಕೆಲವರು. ಹಳ್ಳಿಯಾದರೆ ಗಂಗವಾಡಿಯ ಲೆಕ್ಕ ಕೂಡುವುದಿಲ್ಲ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಹಳ್ಳಿಗಳನ್ನು ಕೂಡಿಸಿದರೂ 30 ಸಾವಿರ ಮುಟ್ಟುವುದಿಲ್ಲ. ಗಂಗವಾಡಿ ಒಂದರಲ್ಲೇ 96 ಸಾವಿರ ಎಲ್ಲಿಂದ ಬಂತು? ಇದು ಮುಗಿದ ವಾದವಲ್ಲ. ಕಲ್ಲಿನಲ್ಲಿ ಕೊರೆದದ್ದರಿಂದ ಅಂಕಿ ಸಾವಿರ ವರ್ಷ ಒಂದು ಕೂದಲೂ ಅಲುಗದೆ ಉಳಿದಿದೆ, ಅದು ಎಣಿಸಿದ್ದು ಮಾತ್ರ ಕಾಣೆಯಾಗಿದೆ. ಬರೆಸಿದವರಿಗೆ ಅದನ್ನು ಬಿಡಿಸಿ ಹೇಳಬೇಕು ಅನ್ನಿಸಿರಲಿಕ್ಕಿಲ್ಲ, ಆಗ ಎಲ್ಲರಿಗೂ ಗೊತ್ತಿದ್ದದ್ದೇ ತಾನೆ. ನಮ್ಮ ಕಚೇರಿಯ ಕಡತಗಳ ಶೇಕಡಾವಾರು ಸಾಧನೆಗಳನ್ನು ಸಾವಿರ ವರ್ಷದ ನಂತರ ಓದುವವರಿಗೂ ಇದೇ ಪ್ರಶ್ನೆ ಏಳಬಹುದು. ಹಾಗೆ ನೋಡಿದರೆ ನಮಗೇ ಈಗಲೇ ಏಳುತ್ತದೆ.

ವಸ್ತುವೇ ಬೇಡದ ಅಂಕಿಗಳೂ ಉಂಟಲ್ಲ ಎನ್ನಬಹುದು. ಖಂಡಿತ ಉಂಟು. ರಾಷ್ಟ್ರಕೂಟರ ನೃಪತುಂಗನ ಕಾಲದ ಮಹಾವೀರಾಚಾರ್ಯ, ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದವನು, ಅಂಥ ಅಂಕಿಗಳನ್ನು ಕೊರಳ ಹಾರಕ್ಕೆ ಹೋಲಿಸಿ ಸಂತೋಷಪಟ್ಟ. 142857143ನ್ನು ಏಳರಿಂದ ಗುಣಿಸಿದರೆ 1000000001: ಎರಡು ತುದಿಗೆ ಒಂದೊಂದು, ನಡುವೆ ಬರೀ ಸೊನ್ನೆ. 27994681ನ್ನು 441ರಿಂದ ಗುಣಿಸಿದರೆ 12345654321, ಆರರವರೆಗೆ ಹತ್ತಿ ಇಳಿಯುತ್ತದೆ. ಈ ಹಾರ ಏನನ್ನೂ ಎಣಿಸುವುದಿಲ್ಲ, ತನ್ನ ಮಾತನ್ನು ತಾನೇ ಆಡಿಕೊಳ್ಳುತ್ತದೆ. ಅನುಮಾನವಿದ್ದವರು ಕಾಗದದಲ್ಲಿ ಗುಣಿಸಿಕೊಳ್ಳಬಹುದು. ಜೀವ ಇರುವುದನ್ನು ಎಣಿಸುವಾಗ ಈ ಸಲಿಗೆ ಇಲ್ಲ.

1983 ಎಂದು ಹೇಳಿ ನೋಡಿ. ಹುಡುಗರ ಬಾಯಲ್ಲಿ ವಿಶ್ವಕಪ್ಪು ಸಿದ್ಧವಾಗಿರುತ್ತದೆ. ಶಿರಸಿ ಕಡೆಯ ಹಿರಿಯರು ಸಾಲ್ಕಣಿ ಎನ್ನುತ್ತಾರೆ. ಆ ವರ್ಷದ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಕಡೆಯ ಜನ ಕಾಡಿಗೆ ನಡೆದುಹೋಗಿ ಕೊಡಲಿಗೆ ಗುರುತಾದ ಮರಗಳನ್ನು ಅಪ್ಪಿಕೊಂಡರು. ಹಿಮಾಲಯದ ಚಿಪ್ಕೋದಿಂದ ಸ್ಫೂರ್ತಿ ಪಡೆದ ಅಪ್ಪಿಕೋ ಚಳವಳಿ ಶುರುವಾದದ್ದು ಹೀಗೆ. ಮುಂದೆ ಪಾಂಡುರಂಗ ಹೆಗಡೆಯವರ ಹೆಸರು ಅದರ ಜೊತೆ ಸೇರಿಹೋಯಿತು. ಜನರ ದೂರು ಒಂದು ಬಗೆಯಲ್ಲಿ ಎಣಿಕೆಯದೇ ಆಗಿತ್ತು. ಇಂತಿಷ್ಟು ಮರ ಮಾತ್ರ ಆಯ್ದು ಕಡಿಯುತ್ತೇವೆ ಎಂದಿತ್ತು ಅರಣ್ಯ ಇಲಾಖೆ. ಆಯ್ದ ಮರ ಉರುಳುವಾಗ, ನಾಟಾ ಎಳೆಯುವಾಗ ಮುರಿದ ಅಕ್ಕಪಕ್ಕದ ಮರಗಳು ಯಾವ ಪುಸ್ತಕಕ್ಕೂ ಬರಲಿಲ್ಲ. ಪುಸ್ತಕದ ಅಂಕಿ ಸರಿಯಾಗಿಯೇ ಇದ್ದಿರಬಹುದು. ಬರೆದವರು ಆ ಕಾಡಿನ ನೀರು ಕುಡಿಯುವವರಲ್ಲ, ಅಷ್ಟೇ.

ಭಾರತದ ವನಪರ್ವದಲ್ಲಿ ಎಣಿಕೆಯ ಪ್ರಸಂಗವೊಂದಿದೆ. ದಮಯಂತಿಯ ಎರಡನೇ ಸ್ವಯಂವರದ ಸುದ್ದಿ ಕೇಳಿ ಋತುಪರ್ಣ ವಿದರ್ಭಕ್ಕೆ ಧಾವಿಸುತ್ತಿದ್ದಾನೆ, ಸಾರಥಿ ಬಾಹುಕನ ವೇಷದ ನಳ. ದಾರಿಯಲ್ಲೊಂದು ತಾರೆ ಮರ. ನಮ್ಮ ಕಾಡಿನಲ್ಲೂ ಇರುವ ಮರವೇ, ಹಿಂದೆ ದಾಳಕ್ಕೆ ಬಳಸುತ್ತಿದ್ದದ್ದು ಅದರ ಕಾಯನ್ನೇ. ಉದುರಿದ ಎಲೆ, ಹಣ್ಣು ಮರದಲ್ಲಿರುವುದಕ್ಕಿಂತ ಎಷ್ಟು ಹೆಚ್ಚು ಎಂದು ಹೇಳಿದ ಋತುಪರ್ಣ, ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2095 ಹಣ್ಣು ಎಂದೂ ಸೇರಿಸಿದ. ನಳ ಒಪ್ಪಲಿಲ್ಲ. ರಥ ನಿಲ್ಲಿಸಿ, ರಾಜ ಬೇಡವೆಂದರೂ ಕೇಳದೆ ಮರವನ್ನೇ ಕಡಿದು ಕೆಡವಿ ಹಣ್ಣು ಎಣಿಸಿದ. ಲೆಕ್ಕ ಸರಿಯಿತ್ತು. ಆಮೇಲೆ ಆ ವಿದ್ಯೆಯೂ ಅವನಿಗೆ ಒಲಿಯಿತು, ಅವನೊಳಗೆ ಹೊಕ್ಕು ಕಾಡುತ್ತಿದ್ದ ಕಲಿಯೂ ಬಿಟ್ಟ. ಕಥೆ ಕೇಳುವವರೆಲ್ಲ ನಳನ ಕಷ್ಟ ತೀರಿದ್ದಕ್ಕೆ ಖುಷಿಪಡುತ್ತಾರೆ. ನನಗೆ ಆ ಮರದ ಚಿಂತೆ. ನೋಡಿಯೇ ತಿಳಿದವನ ಅಂಕಿಯನ್ನು ನಂಬಲಾರದವನಿಗೆ ಕೊಡಲಿಯೇ ಬೇಕಾಯಿತು.

ಋತುಪರ್ಣನ ವಿದ್ಯೆ ನಮ್ಮ ಕಡೆ ಇನ್ನೂ ಬಳಕೆಯಲ್ಲಿದೆ. ಅಡಿಕೆ ಫಸಲನ್ನು ಗುತ್ತಿಗೆಗೆ ಹಿಡಿಯುವವನು ತೋಟದ ಕಾಲುದಾರಿಯಲ್ಲಿ ಕತ್ತೆತ್ತಿಕೊಂಡು ನಡೆಯುತ್ತಾನೆ. ಮರಕ್ಕೆ ಎಷ್ಟು ಕೊನೆ, ಯಾವ ಕೊನೆ ಗಟ್ಟಿ, ಯಾವುದು ಬರೀ ನೋಟಕ್ಕೆ ಎಂದು ಅಂದಾಜು ಹಾಕುತ್ತ ಹೋಗಿ ತೋಟದ ತುದಿಯಲ್ಲಿ ಒಂದು ಅಂಕಿ ಹೇಳುತ್ತಾನೆ. ಅದರೊಳಗೆ ಕೊಳೆರೋಗಕ್ಕೆ ಹೋಗುವುದೆಷ್ಟು, ಮಂಗ ಕೆಡವುವುದೆಷ್ಟು, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಕೂಲಿ ಎಷ್ಟು ಎಂಬುದೆಲ್ಲ ಅಡಗಿರುತ್ತದೆ. ಮಾತು ಮುಗಿದ ಮೇಲೆ ಮಳೆ ಹೆಚ್ಚಾಗಿ ಅರ್ಧ ಫಸಲು ಉದುರಿದರೆ ಆ ನಷ್ಟ ಅವನದೇ. ಹಾಗಾಗಿ ಅಂಕಿ ಹೇಳುವ ಮೊದಲು ಅವನು ತೋಟವನ್ನು ಇನ್ನೊಂದು ಸುತ್ತು ಹಾಕಿ ಬರುತ್ತಾನೆ.