ಪಕ್ಕದ ಸೀಟಿನಲ್ಲಿ ಅಪ್ಪ

ಧಾರವಾಡದ ಮಾಳಮಡ್ಡಿಯ ಓಣಿಗಳಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಸ್ಕೂಟರ್ ಕಲಿಸುವ ಅಪ್ಪಂದಿರನ್ನು ನೋಡಬೇಕು. ಹಿಂದೆ ಕೂತು ‘ಬ್ರೇಕ್ ಹಿಡಿಯಲೇ’ ಎಂದು ಒದರುತ್ತಲೇ ಕೈ ಮುಂದೆ ಚಾಚಿ ಹ್ಯಾಂಡಲ್ಲನ್ನು ತಾವೇ ಹಿಡಿದಿರುತ್ತಾರೆ. ಇಂಥ ಅಪ್ಪ ಪೈಲಟ್ ಆಗಿದ್ದು, ಮಗಳಿಗೆ ವಿಮಾನ ಕಲಿಸಲು ಹೊರಟರೆ?

ಸೆಸ್ನಾ 172ರಂಥ ಪುಟ್ಟ ವಿಮಾನ ಆ ಆಸೆಗೆಂದೇ ಮಾಡಿದಂತಿದೆ. ಎಡಕ್ಕೆ ಕಲಿಯುವವರು, ಬಲಕ್ಕೆ ಕಲಿಸುವವರು. ಇಬ್ಬರ ಮುಂದೆಯೂ ಚುಕ್ಕಾಣಿ, ಇಬ್ಬರ ಕಾಲಿಗೂ ಪೆಡಲ್. ಪಾಠ ಮಾತ್ರ ಮನೆಯವರಿಗೆ ಒಗ್ಗುವಂಥದ್ದಲ್ಲ. ಮೂತಿ ಅತಿಯಾಗಿ ಮೇಲೆದ್ದು, ವೇಗ ಇಳಿದು, ರೆಕ್ಕೆಗೆ ಭಾರ ಹೊರಲಾಗದೆ ಹೋಗುವುದಕ್ಕೆ ‘ಸ್ಟಾಲ್’ ಅನ್ನುತ್ತಾರೆ. ಆಗ ಗಾಬರಿಬಿದ್ದ ಕೈ ಚುಕ್ಕಾಣಿಯನ್ನು ಇನ್ನಷ್ಟು ಎಳೆಯುತ್ತದೆ. ಮಾಡಬೇಕಾದದ್ದು ತದ್ವಿರುದ್ಧ: ಎದುರಿಗೆ ನೆಲವೇ ಕಂಡರೂ ಮೂತಿಯನ್ನು ಕೆಳಗೆ ಬಾಗಿಸಬೇಕು. ಕಲಿಸುವವರು ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಆ ಸ್ಥಿತಿ ತರಿಸಿ, ಶಿಷ್ಯೆ ತಾನಾಗಿ ಸರಿಪಡಿಸುವಷ್ಟು ಹೊತ್ತು ತಮ್ಮ ಕೈ ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಯಾವ ಅಪ್ಪ ಕೂರುತ್ತಾನೆ?

ಅದಕ್ಕಿಂತ ಕಠಿಣ, ಮೊದಲ ಸೋಲೋ. ಒಂದು ದಿನ ಗುರು ಬಾಗಿಲು ತೆಗೆದು ಕೆಳಗಿಳಿಯುತ್ತಾನೆ. ಶಿಷ್ಯೆ ಒಬ್ಬಳೇ ಏರಿ, ಒಂದು ಸುತ್ತು ಹಾಕಿ ಇಳಿಯಬೇಕು. ಧಾರವಾಡದ ಸಂಗೀತದಲ್ಲಿ ಈ ಕಷ್ಟವಿಲ್ಲ. ರಾಜಶೇಖರ ಮನಸೂರರು ತಂದೆ ಮಲ್ಲಿಕಾರ್ಜುನ ಮನಸೂರರ ಹಿಂದೆ ಕೂತು ವರ್ಷಗಟ್ಟಲೆ ದನಿಗೂಡಿಸಿದರು. ವೇದಿಕೆಯಲ್ಲಿ ಒಬ್ಬರು ತಡವರಿಸಿದರೆ ಇನ್ನೊಬ್ಬರ ಸ್ವರ ಆಸರೆ. ಸೋಲೋದಲ್ಲಿ ಬಲಗಡೆಯ ಸೀಟು ಖಾಲಿ.

ನಮ್ಮಲ್ಲಿ ಅಪ್ಪ ಪೈಲಟ್ ಆಗಿದ್ದರೆ ಸಾಲದು, ಬೋಧಕನ ಅರ್ಹತೆಯೂ ಬೇಕು. ಪಾಠ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಒಪ್ಪಿದ ಸಂಸ್ಥೆಯಲ್ಲೇ ನಡೆಯಬೇಕು. ಕಲಿಕೆಯ ಲೈಸೆನ್ಸಿಗೆ 16 ವರ್ಷ ತುಂಬಿರಬೇಕು, ಖಾಸಗಿ ಪೈಲಟ್ ಆಗಲು ಕನಿಷ್ಠ 40 ಗಂಟೆ ಹಾರಿರಬೇಕು. ಮಾಳಮಡ್ಡಿಯವರಿಗೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹಾರಾಟ ಶಾಲೆ ಹತ್ತಿರ. ಆ ಅರ್ಹತೆಯಿಲ್ಲದ ಅಪ್ಪನನ್ನು ಹೊರಗೆ ನಿಲ್ಲಿಸಿ ಅಪರಿಚಿತ ಬೋಧಕನ ಕೈಗೆ ಮಗಳನ್ನು ಒಪ್ಪಿಸುವ ಈ ನಿಯಮ ನನಗಂತೂ ಸರಿಯೆನಿಸುತ್ತದೆ. ಬೈಗುಳವಾದರೂ ಕಡಿಮೆ.

ಹಾರಾಟ ಹುಟ್ಟಿದ್ದು ಮಾತ್ರ ಮನೆಯೊಳಗೇ. ರೈಟ್ ಸಹೋದರರು ಒಬ್ಬರನ್ನೊಬ್ಬರು ನೋಡಿ ಕಲಿತವರು. ಒಂದೇ ಅಪಘಾತದಲ್ಲಿ ಇಬ್ಬರೂ ಹೋಗಬಾರದೆಂದು, ಜೊತೆಯಾಗಿ ಹಾರುವುದಿಲ್ಲವೆಂಬ ಮಾತನ್ನು ತಂದೆ ಮಿಲ್ಟನ್ ರೈಟ್‌ಗೆ ಕೊಟ್ಟಿದ್ದರು. 1910ರ ಮೇ 25ರಂದು ಆತನ ಅನುಮತಿಯಿಂದ ಅಣ್ಣತಮ್ಮ ಒಮ್ಮೆ ಒಟ್ಟಿಗೆ ಹಾರಿದರು. ಅದೇ ದಿನ, 80 ದಾಟಿದ್ದ, ಪಾದ್ರಿಯಾಗಿದ್ದ ಆ ತಂದೆಯನ್ನು ಕಿರಿಯವನಾದ ಆರ್ವಿಲ್ ಪಕ್ಕದಲ್ಲಿ ಕೂರಿಸಿಕೊಂಡು ಮೇಲೇರಿದ. ಮಕ್ಕಳ ಹಾರಾಟಕ್ಕೆ ಕಟ್ಟು ಹಾಕಿದ್ದ ಅಪ್ಪ, ಇನ್ನೂ ಮೇಲೆ ಹೋಗು ಎಂದು ಮಗನಿಗೆ ಗಂಟುಬಿದ್ದನಂತೆ.