ಪಾಠಕೂಟದ ಹೊಸ್ತಿಲು: ಒಂದು ನೈತಿಕ ಜಿಜ್ಞಾಸೆ

ತನ್ನ ಮಗುವಿಗೆ ಉತ್ತಮವಾದುದನ್ನೇ ಕೊಡಬೇಕೆಂದು ಬಯಸುವುದು ತಾಯಿತಂದೆಯರ ಸಹಜಧರ್ಮ. ಈ ಬಯಕೆಯನ್ನೇ ಸ್ವಾರ್ಥವೆಂದು ಹಳಿಯುವ ನೀತಿಶಾಸ್ತ್ರವು ಮನುಷ್ಯನನ್ನು ಅರಿಯದು. ಆದರೆ ಆ ಉತ್ತಮವಾದುದನ್ನು ನೆರೆಮನೆಯ ಮಗುವಿನ ಕಣ್ಣೆದುರಿಗೇ ಬಾಗಿಲು ಹಾಕಿಕೊಂಡು ಕೊಡುವ ಸಂದರ್ಭ ಒದಗಿದಾಗ, ಸಹಜಧರ್ಮ ಎಲ್ಲಿ ಮುಗಿಯುತ್ತದೆ, ಲೋಭ ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆ ತಲೆದೋರದೆ ಇರದು. ಐದಾರು ಕುಟುಂಬಗಳು ಕೂಡಿ, ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡಿಕೊಂಡು, ತಮ್ಮ ಮಕ್ಕಳಿಗಷ್ಟೇ ಅಂತರ್ಜಾಲದ ಮೂಲಕ ನಡೆಸುವ ಖಾಸಗಿ ಪಾಠಕೂಟಗಳು ಇಂದು ನಗರಗಳಲ್ಲಿ ಅಪರೂಪವಲ್ಲ. ಮೇಲಿನ ಪ್ರಶ್ನೆ ನಿಂತಿರುವುದು ಅವುಗಳ ಹೊಸ್ತಿಲಿನಲ್ಲಿ.

ಹತ್ತಾರು ಮನೆಗಳು ಕೂಡಿ ಗುರುವನ್ನು ಪೋಷಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದೇನಲ್ಲ. ಹಿಂದಿನ ಕೂಲಿಮಠಗಳು ಅಂತಹವೇ. ಊರಿನ ಯಾವುದೋ ಮನೆಯ ಜಗಲಿಯಲ್ಲಿಯೋ ಗುಡಿಯ ಮಗ್ಗುಲಲ್ಲಿಯೋ ಕುಳಿತ ಐಗಳು ಮಕ್ಕಳಿಂದ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಹೇಳಿಸುತ್ತಿದ್ದರು. ಹೆತ್ತವರು ಕಾಳು ಕಡಿಯನ್ನೋ ಕಾಸನ್ನೋ ಕೊಡುತ್ತಿದ್ದರು. ಆ ಕಾಲವನ್ನು ಕೇವಲ ಹೊಗಳುವುದು ಸತ್ಯಕ್ಕೆ ಅಪಚಾರ. ಜಾತಿಯ ಅಡ್ಡಗೋಡೆಯಿಂದಾಗಿ ಅನೇಕ ಮಕ್ಕಳಿಗೆ ಆ ಜಗಲಿಯನ್ನು ಏರುವ ಭಾಗ್ಯವೇ ಇರಲಿಲ್ಲ. ಆದರೂ ಹೊರಗೆ ಉಳಿದ ಮಗು ಅಲ್ಲಿ ಕಣ್ಣಿಗೆ ಕಾಣುತ್ತಿತ್ತು. ಇಂದಿನ ತೆರೆಯ ಮೇಲಿನ ತರಗತಿಗೆ ಜಗಲಿಯೇ ಇಲ್ಲ. ಗುಪ್ತಸಂಕೇತವಿಲ್ಲದವರಿಗೆ ಅಲ್ಲೊಂದು ಪಾಠ ನಡೆಯುತ್ತಿದೆ ಎಂಬುದೇ ತಿಳಿಯದು. ಒಳಗಿರುವವರಿಗೆ ಹೊರಗೆ ಯಾರಿದ್ದಾರೆಂಬುದೂ ತಿಳಿಯದು. ಹೊರಗಿಟ್ಟಿದ್ದೇವೆಂಬ ಅರಿವಿಲ್ಲದೆಯೇ ಹೊರಗಿಡುವುದು ಇದರಿಂದ ಸುಲಭವಾಯಿತು.

ಇಂತಹ ಕೂಟಗಳಿಗೆ ದೊಡ್ಡ ಪ್ರಮಾಣದಲ್ಲಿ ದಾರಿಯಾದದ್ದು 2020ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ನಡೆಸುವುದನ್ನು ನಿಷೇಧಿಸಿತು; ಜುಲೈಯಲ್ಲಿ ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಅದೇ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯು, 1ರಿಂದ 8ನೆಯ ತರಗತಿಯವರೆಗಿನ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳಿಗಿಂತ ಹೆಚ್ಚು ಪಾಠ ತೆರೆಯ ಮೇಲೆ ಬೇಡವೆಂದಿತು. ಉಪಕರಣವುಳ್ಳ ಮನೆಗಳು ಹೀಗೆ ತಮ್ಮ ಮಾರ್ಗವನ್ನು ಕಂಡುಕೊಳ್ಳುತ್ತಿದ್ದಾಗ, ಆಗಸ್ಟಿನಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಶಿಕ್ಷಕರು ‘ವಿದ್ಯಾಗಮ’ ಯೋಜನೆಯಡಿ ತಾವೇ ಮಕ್ಕಳಿದ್ದಲ್ಲಿಗೆ ನಡೆದರು. ಜಗಲಿ, ಸಮುದಾಯ ಭವನ, ಮರದ ನೆರಳು ಮತ್ತೆ ಪಾಠಶಾಲೆಗಳಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಒಂದೇ ನಾಡಿನಲ್ಲಿ, ಒಂದೇ ಋತುವಿನಲ್ಲಿ, ಒಂದು ಮಗುವಿನ ಪಾಠ ನಿಂತುಹೋಯಿತು, ಇನ್ನೊಂದರದು ನಿಲ್ಲಲಿಲ್ಲ. ಶಾಲೆಗಳು ತೆರೆದ ಮೇಲೂ ಖಾಸಗಿ ಕೂಟಗಳು ಉಳಿದುಕೊಂಡವು. ಗಣಿತ, ಸಂಗೀತ, ಚದುರಂಗ ಹೀಗೆ ಅವುಗಳ ವಿಷಯ ವಿಸ್ತರಿಸಿತು. ವಿಪತ್ತಿನಲ್ಲಿ ಅನಿವಾರ್ಯವಾಗಿದ್ದುದು ಈಗ ಆಯ್ಕೆಯಾಗಿದೆ. ಅನಿವಾರ್ಯತೆಗೆ ಇರುವ ಕ್ಷಮೆ ಆಯ್ಕೆಗೆ ಇಲ್ಲ. ಆಯ್ಕೆಯು ಕಾರಣವನ್ನು ಹೇಳಬೇಕಾಗುತ್ತದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಒಂದೇ ವಸತಿ ಸಮುಚ್ಚಯದ ಐದು ಮನೆಗಳ ಮಕ್ಕಳು ಐದನೆಯ ತರಗತಿಯಲ್ಲಿ ಓದುತ್ತಾರೆ. ಶಾಲೆಯಲ್ಲಿ ಗಣಿತದ ಬೋಧನೆ ಸಾಲದೆಂದು ಹೆತ್ತವರು ವಾರಕ್ಕೆ ಮೂರು ಸಂಜೆ 40 ನಿಮಿಷಗಳ ಪಾಠವನ್ನು ಏರ್ಪಡಿಸುತ್ತಾರೆ. ಅದೇ ಸಮುಚ್ಚಯದ ಕಾವಲುಗಾರನ ಮಗಳು ಅದೇ ಶಾಲೆಯಲ್ಲಿ, ಅದೇ ತರಗತಿಯಲ್ಲಿ, ಅದೇ ಬೆಂಚಿನಲ್ಲಿ ಕುಳಿತು ಓದುತ್ತಾಳೆ. ಬೆಳಿಗ್ಗೆ ಗೆಳತಿಯರ ಬಾಯಿಯಿಂದ ‘ನಮ್ಮ ಸಂಜೆಯ ಕ್ಲಾಸು’ ಎಂಬ ಮಾತು ಅವಳ ಕಿವಿಗೆ ಬೀಳುತ್ತದೆ. ಒಂದು ದಿನ ಅವಳ ತಾಯಿ ಸಂಕೋಚದಿಂದ, ತನ್ನ ಮಗಳೂ ಸೇರಬಹುದೇ ಎಂದು ವಿಚಾರಿಸುತ್ತಾಳೆ. ಆ ಐದು ಮನೆಗಳು ಏನು ಉತ್ತರ ಕೊಡಬೇಕು?

ಬೇಡವೆನ್ನುವವರ ಪಕ್ಷವು ದುರ್ಬಲವಾದುದಲ್ಲ. ಇದು ಸಾರ್ವಜನಿಕ ಶಾಲೆಯಲ್ಲ, ಮನೆಯ ಖರ್ಚಿನಿಂದ ನಡೆಯುವ ಪಾಠ. ಗುಂಪು ಚಿಕ್ಕದಾಗಿದ್ದರೆ ಮಾತ್ರ ಕಲಿಕೆ ಸಾಧ್ಯ. ಇಂದು ಒಬ್ಬಳು ಬಂದರೆ ನಾಳೆ ನಾಲ್ವರು ಬರುತ್ತಾರೆ. ಲೋಕದ ಅಸಮಾನತೆಯನ್ನು ನೀಗುವ ಹೊಣೆ ಐದು ಮನೆಗಳದಲ್ಲ. ಈ ನಾಲ್ಕು ಮಾತುಗಳಲ್ಲಿ ಒಂದೊಂದರಲ್ಲಿಯೂ ಸತ್ಯಾಂಶವಿದೆ. ಕಾನೂನೂ ಅವರ ಪರವಾಗಿಯೇ ಇದೆ. ಬಡ ಹಾಗೂ ಹಿಂದುಳಿದ ಮಕ್ಕಳಿಗೆ 25 ಪ್ರತಿಶತ ಸ್ಥಾನಗಳನ್ನು ಕೊಡಬೇಕೆಂಬ 2009ರ ಶಿಕ್ಷಣ ಹಕ್ಕು ಕಾಯಿದೆಯ ವಿಧಿಯು ಖಾಸಗಿ ಶಾಲೆಗಳನ್ನು ಕುರಿತದ್ದೇ ಹೊರತು, ಮನೆಯ ಪಾಠಕೂಟವನ್ನು ಕುರಿತದ್ದಲ್ಲ. ಆದರೆ ಕಾನೂನು ಸುಮ್ಮನಿರುವ ಎಡೆಯಲ್ಲಿ ಕರ್ತವ್ಯವೂ ಸುಮ್ಮನಿರುತ್ತದೆಂದು ಭಾವಿಸುವುದು ತಪ್ಪು. ಕಾನೂನಿನ ಕೈಗೆ ಎಟುಕದ ಎಡೆಗಳಲ್ಲಿಯೇ ಮನುಷ್ಯನ ಶೀಲ ತನ್ನ ನಿಜವಾದ ಪರೀಕ್ಷೆಯನ್ನು ಎದುರಿಸುತ್ತದೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ವಿದ್ಯೆ ಹಂಚಿದಷ್ಟೂ ಹೆಚ್ಚುತ್ತದೆ ಎಂಬುದು ಲೋಕೋಕ್ತಿ. ಅದು ನಿಜ; ಆದರೆ ಗುರುವಿನ ಗಮನ ಹಂಚಿದಷ್ಟೂ ಕಡಮೆಯಾಗುತ್ತದೆ. ಐದು ಮಕ್ಕಳಿದ್ದರೆ 40 ನಿಮಿಷಗಳಲ್ಲಿ ಒಬ್ಬರ ಪಾಲಿಗೆ ಎಂಟು ನಿಮಿಷ. ಹತ್ತು ಮಕ್ಕಳಾದರೆ ನಾಲ್ಕೇ ನಿಮಿಷ. ಮಗು ಎಲ್ಲಿ ತಡವರಿಸಿತೆಂಬುದನ್ನು ಕಾಣಲು ಗುರುವಿಗೆ ಆ ನಿಮಿಷಗಳು ಬೇಕು. ಆದುದರಿಂದ ಕೂಟಕ್ಕೆ ಮಿತಿ ಹಾಕುವುದು ತಪ್ಪಲ್ಲ. ಮಿತಿಗೆ ಕೊಡುವ ಕಾರಣ ಮಾತ್ರ ಪರೀಕ್ಷೆಗೆ ಒಳಗಾಗಬೇಕು. ಗಮನದ ಅಭಾವದಿಂದ ಹುಟ್ಟಿದ ಮಿತಿ ನ್ಯಾಯವಾದುದು. ‘ನಮ್ಮಂತಹವರ ಮಕ್ಕಳು ಮಾತ್ರ’ ಎಂಬ ಭಾವದಿಂದ ಹುಟ್ಟಿದ ಮಿತಿ ಗಮನದ ವೇಷ ಧರಿಸಿದ ಅಹಂಕಾರ. ಇವೆರಡನ್ನು ಬೇರ್ಪಡಿಸಲು ಸುಲಭವಾದ ಒಂದು ಒರೆಗಲ್ಲಿದೆ: ಆರನೆಯ ಮಗು ಇನ್ನೊಬ್ಬ ಅಧಿಕಾರಿಯ ಮಗುವಾಗಿದ್ದರೆ ಸ್ಥಳವಾಗುತ್ತಿತ್ತೇ? ಆಗುತ್ತಿತ್ತೆಂದಾದರೆ, ಸ್ಥಳವಿಲ್ಲವೆಂಬ ಮಾತು ಸುಳ್ಳು. ಕೊಟ್ಟ ಕಾರಣವನ್ನು ಆ ತಾಯಿಯ ಮುಖ ನೋಡಿ ಹೇಳಲಾಗದಿದ್ದರೆ, ಅದು ಕಾರಣವಲ್ಲ, ನೆವ.

ಇನ್ನು ಹಣದ ಮಾತು. ಶಿಕ್ಷಕಿಗೆ ತಿಂಗಳಿಗೆ ಒಂದು ಮಗುವಿಗೆ 800 ರೂಪಾಯಿಯಂತೆ ಐದು ಮನೆಗಳಿಂದ 4000 ರೂಪಾಯಿ ಸಲ್ಲುತ್ತಿದೆಯೆಂದಿಟ್ಟುಕೊಂಡರೆ, ಆರನೆಯ ಮಗು ಬಂದಾಗ 4800 ಸಲ್ಲಬೇಕು. ಶಿಕ್ಷಕಿಯ ದುಡಿಮೆಯಿಂದ ಇತರರು ಪುಣ್ಯ ಕಟ್ಟಿಕೊಳ್ಳುವುದು ದಾನವಲ್ಲ. ಕಾವಲುಗಾರನ ಮನೆ 200 ಮಾತ್ರ ಕೊಡಬಲ್ಲುದಾದರೆ ಉಳಿಯುವ ಕೊರತೆ 600. ಐದು ಮನೆಗಳಿಗೆ ಹಂಚಿದರೆ ತಲಾ 120. ದೊಡ್ಡದಾಗಿ ಕಂಡ ಧರ್ಮಸಂಕಟ ಎಷ್ಟೋ ವೇಳೆ ಹೀಗೆ ಚಿಕ್ಕ ಮೊತ್ತವೊಂದರಲ್ಲಿ ಬಂದು ನಿಲ್ಲುತ್ತದೆ. ಆ 200 ರೂಪಾಯಿಯನ್ನು ಬೇಡವೆನ್ನದೆ ಸ್ವೀಕರಿಸುವುದೂ ಅಗತ್ಯ. ಅದರಿಂದ ಆ ತಾಯಿ ಬೇಡಿದವಳಾಗಿ ಅಲ್ಲ, ಪಾಲುಗೊಂಡವಳಾಗಿ ಕೂಟಕ್ಕೆ ಬರುತ್ತಾಳೆ.

ಇದಕ್ಕಿಂತ ಕಠಿಣವಾದ ಸಂದರ್ಭ ಇನ್ನೊಂದಿದೆ. ಆರನೆಯ ಮಗು ಬಡಮಗುವಲ್ಲ. ಕಲಿಕೆಯಲ್ಲಿ ನಿಧಾನವಾದ ಮಗು. ಅದು ಬಂದರೆ ಇತರರ ವೇಗ ಕುಂದುತ್ತದೆ. ಇದು ನಿಜವಾದ ನಷ್ಟ, ಹಣದಿಂದ ತುಂಬಿಬರುವಂತಹುದಲ್ಲ. ಇಲ್ಲಿ ಹೆತ್ತವರು ತಾವೇ ತೀರ್ಪುಗಾರರಾಗುವುದು ಉಚಿತವಲ್ಲ. ತನ್ನ ಪಕ್ಷದ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಲು ಬಾರದು. ಒಂದೇ ತರಗತಿ ಆ ಮಗುವನ್ನು ಒಳಗೊಳ್ಳಬಲ್ಲುದೇ ಎಂಬುದನ್ನು ಶಿಕ್ಷಕಿ ಹೇಳಬೇಕು. ಆಗದೆಂದು ಅವರು ಹೇಳಿದರೆ, ಬೇರೊಂದು ಹೊತ್ತನ್ನೋ ಬೇರೊಂದು ಕೂಟವನ್ನೋ ಹುಡುಕಲು ನೆರವಾಗುವ ಹೊಣೆ ಉಳಿದವರ ಮೇಲಿದೆ. ಎಲ್ಲರನ್ನೂ ಒಳಗೆ ಕರೆಯಲು ಯಾರಿಂದಲೂ ಆಗದು. ಆದರೆ ಹೊರಗುಳಿದವರು ಏನಾದರೆಂದು ವಿಚಾರಿಸಲು ಎಲ್ಲರಿಂದಲೂ ಆಗುತ್ತದೆ.

ತಮ್ಮ ಮಗುವಿನ ಕೊರತೆ ನೀಗಿದೊಡನೆ ಶಾಲೆಯ ಕೊರತೆಯನ್ನು ಮರೆಯುವುದು ಈ ವ್ಯವಸ್ಥೆಯ ಇನ್ನೊಂದು ಅಪಾಯ. ಗಣಿತದ ಬೋಧನೆ ಸಾಲದೆಂದು ಧೈರ್ಯವಾಗಿ ಹೇಳಬಲ್ಲ ಐದು ಮನೆಗಳು ಮೌನವಾದರೆ, ಉಳಿದ ಮೂವತ್ತು ಮಕ್ಕಳ ಪರವಾಗಿ ಮಾತಾಡುವವರು ಯಾರು? ಖಾಸಗಿ ಪಾಠವನ್ನು ಏರ್ಪಡಿಸಿಕೊಂಡವರಿಗೆ ಶಾಲೆಯ ಸಭೆಯಲ್ಲಿ ಮಾತಾಡುವ ಹೊಣೆ ಇಳಿಯುವುದಿಲ್ಲ, ಏರುತ್ತದೆ. ಏಕೆಂದರೆ ಕೊರತೆ ಇದೆಯೆಂಬುದನ್ನು ಅವರು ತಮ್ಮ ಹಣದಿಂದಲೇ ಒಪ್ಪಿಕೊಂಡಿದ್ದಾರೆ.

ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಈ ಸಂದರ್ಭದಲ್ಲಿ ನೆನಪಾಗುವುದು ಸಹಜ. ಒಂದೊಂದು ಪ್ರತಿಗೂ ಓಲೆ, ಕಂಠ, ಲಿಪಿಕಾರನ ದಿನಗಟ್ಟಲೆಯ ದುಡಿಮೆ ಬೇಕಾಗಿದ್ದ ಕಾಲವದು. ಇಂದು ಪ್ರತಿಮಾಡುವುದಕ್ಕೆ ಬೆರಳಿನ ಒಂದು ಒತ್ತು ಸಾಕು. ಶಿಕ್ಷಕಿಯ ಒಪ್ಪಿಗೆಯಿದ್ದರೆ ಅವರ ಟಿಪ್ಪಣಿ, ಲೆಕ್ಕಗಳು, ಅಭ್ಯಾಸದ ಹಾಳೆಗಳು ಇಡೀ ಶಾಲೆಗೆ ಸಲ್ಲಬಹುದು. ಆದರೆ ತರಗತಿಯನ್ನೇ ಚಿತ್ರೀಕರಿಸಿ ಹಂಚುವ ಉತ್ಸಾಹ ಬೇಡ. ಅದರಲ್ಲಿ ಮಕ್ಕಳ ಮುಖವಿದೆ, ಧ್ವನಿಯಿದೆ, ತಪ್ಪು ಉತ್ತರವಿದೆ, ಮನೆಯ ಒಳಕೋಣೆಯಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ ಹೆತ್ತವರ ಸಮ್ಮತಿಯನ್ನು ವಿಧಿಸುತ್ತದೆ; ಆದರೆ ಕೇವಲ ಗೃಹಕೃತ್ಯಕ್ಕೆ ವ್ಯಕ್ತಿಗಳು ಮಾಡುವ ಬಳಕೆ ಅದರ ವ್ಯಾಪ್ತಿಗೆ ಹೊರಗು. ಅಲ್ಲಿ ಕಾವಲಿರಬೇಕಾದುದು ವಿವೇಕ. ಪಾಠವನ್ನು ಹಂಚಬಹುದು, ಮಗುವನ್ನು ಹಂಚಲಾಗದು. ಬಾಗಿಲು ಮುಚ್ಚುವುದಕ್ಕೆ ನ್ಯಾಯವಾದ ಕಾರಣಗಳಲ್ಲಿ ಇದೂ ಒಂದು.

ತೆರೆಯ ಆಚೆ ಕುಳಿತ ಶಿಕ್ಷಕಿಯೂ ಈ ವಿಚಾರದ ಒಂದು ಪಕ್ಷ. ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳ ಮಕ್ಕಳಿಗೆ ಬೆಂಗಳೂರಿನಿಂದ ಕನ್ನಡ ಕಲಿಸುವವರನ್ನು ಉದಾಹರಿಸಬಹುದು. ಅಲ್ಲಿನ ಬೇಸಗೆಯಲ್ಲಿ ಬೆಳಗಿನ 6 ಗಂಟೆಗೆ ಮಕ್ಕಳು ಕುಳಿತರೆ ಇಲ್ಲಿ ಸಂಜೆಯ 6-30. ನವೆಂಬರಿನಲ್ಲಿ ಆ ದೇಶದ ಗಡಿಯಾರ ಹಿಂದೆ ಸರಿದೊಡನೆ ಅದೇ ತರಗತಿ ಇಲ್ಲಿ 7-30ಕ್ಕೆ ಬೀಳುತ್ತದೆ. ಅವರ ಮನೆಯ ಅಡುಗೆ, ಅವರ ಸ್ವಂತ ಮಕ್ಕಳ ಓದು ಒಂದು ಗಂಟೆ ಕಾಯುತ್ತವೆ. ಹೊತ್ತನ್ನು ಗೊತ್ತುಮಾಡುವಾಗ ಆ ಮನೆಯನ್ನೂ ಎಣಿಕೆಗೆ ತರುವುದು ಸೌಜನ್ಯವಲ್ಲ, ನ್ಯಾಯ.

ಕೊನೆಗೆ ಉಳಿಯುವುದು ಮಕ್ಕಳು ನಿಜವಾಗಿ ಏನನ್ನು ಕಲಿತರೆಂಬ ಪ್ರಶ್ನೆ. ಭಿನ್ನರಾಶಿಯ ಲೆಕ್ಕವನ್ನು ಅವರು ಇಂದಲ್ಲ ನಾಳೆ ಕಲಿತಾರು. ಆದರೆ ಸಂಜೆಯ ತೆರೆಯ ಮೇಲೆ ಐದೇ ಚೌಕಗಳನ್ನು ಕಂಡು, ಬೆಳಗಿನ ಬೆಂಚಿನ ಗೆಳತಿ ಇಲ್ಲೇಕಿಲ್ಲವೆಂದು ಮಗುವೊಂದು ಕೇಳಿದಾಗ, ಮನೆಯವರು ಕೊಡುವ ಉತ್ತರವೇ ಆ ದಿನದ ಪಾಠವಾಗುತ್ತದೆ. ‘ಅವರು ಬೇರೆ’ ಎಂಬ ಉತ್ತರ ಒಂದು ಪಾಠ. ‘ಕೇಳಿ ನೋಡೋಣ’ ಎಂಬುದು ಇನ್ನೊಂದು. ಮಗು ಎರಡನ್ನೂ ಜೀವಮಾನವಿಡೀ ಮರೆಯದು.