ಎಣಿಕೆಯೂ ಕಾಯಕವೂ

ಕೂಲಿಯ ದಿನಗಳನ್ನು ಎಣಿಸಿ ಬಡವರ ಕೇರಿಯ ಏಳುಬೀಳುಗಳನ್ನು ಅರಿಯಬಹುದೇ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅರ್ಥಶಾಸ್ತ್ರಜ್ಞರಿಗೆ ಸೇರಿದುದೆಂದು ತೋರಬಹುದು. ಆದರೆ ಕಾಯಕವನ್ನು ಧರ್ಮದ ತಿರುಳೆಂದು ಬಗೆದ ಶರಣರ ಹಾದಿಯಲ್ಲಿರುವವರಿಗೆ ಇದು ಹೊರಗಿನ ಪ್ರಶ್ನೆಯಲ್ಲ. ಒಬ್ಬನಿಗೆ ಉದ್ಯೋಗವಿದೆಯೆಂದು ಕಡತದಲ್ಲಿ ಬರೆದ ಮಾತ್ರಕ್ಕೆ ಅವನಿಗೆ ಕಾಯಕವಿದೆಯೆನ್ನಬಹುದೇ? ಆ ಲೆಕ್ಕವನ್ನು ಮುಂದಿಟ್ಟು ಅವನ ಕೇರಿಯು ಉದ್ಧಾರವಾಯಿತೆಂದು ಸಾರಬಹುದೇ?

ಎಣಿಕೆಯನ್ನು ನಾನು ಹಳಿಯುವವನಲ್ಲ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಬಲ್ಲವರಾರೂ ಹಳಿಯಲಾರರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹಿಗ್ಗಲಿಲ್ಲ. ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿ ಕಳುಹಿದಳು. ಈ ಕಥೆಯಿಂದ ನಾವು ಸಾಮಾನ್ಯವಾಗಿ ನಿರಾಶೆಯ ಪಾಠವನ್ನು ತೆಗೆಯುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆಯೆಂದು ನನಗೆ ತೋರುತ್ತದೆ. ಲಕ್ಕಮ್ಮನಿಗೆ ನಿತ್ಯದ ಅಳತೆಯು ಗೊತ್ತಿದ್ದಿತು. ಗೊತ್ತಿದ್ದುದರಿಂದಲೇ ಅಳತೆಯು ಏರಿದುದು ಏಳಿಗೆಯಲ್ಲ, ಎಲ್ಲಿಯೋ ಏನೋ ತಪ್ಪಿದೆ ಎಂದು ಅವಳು ಒಡನೆಯೇ ಅರಿತಳು. ಎಣಿಸಿದವಳೂ ಅವಳೇ, ಆ ಅಕ್ಕಿಯನ್ನು ಬೇಯಿಸಿ ಉಣಬೇಕಾದವಳೂ ಅವಳೇ.

ಇಂದಿನ ಎಣಿಕೆಯಲ್ಲಿ ಎಣಿಸುವವರು ಬೇರೆ, ಉಣ್ಣುವವರು ಬೇರೆ. 2011ರ ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದವರನ್ನು ಮುಖ್ಯ ಕೆಲಸಗಾರರೆಂದೂ, ಅದಕ್ಕೆ ಕಡಮೆ ದುಡಿದವರನ್ನು ಅಲ್ಪಾವಧಿ ಕೆಲಸಗಾರರೆಂದೂ ವಿಂಗಡಿಸಿದರು. 2017ರಿಂದ ಕೇಂದ್ರ ಸರ್ಕಾರವು ನಡೆಸುತ್ತಿರುವ ಶ್ರಮಬಲದ ಸಮೀಕ್ಷೆಯಲ್ಲಿ, ವಾರದ ಲೆಕ್ಕದ ಪ್ರಕಾರ, ಹಿಂದಿನ ಏಳು ದಿನಗಳಲ್ಲಿ ಒಂದು ದಿನ ಒಂದು ಗಂಟೆ ದುಡಿದವನೂ ಉದ್ಯೋಗಸ್ಥನೇ! ಆಯ್ದ ಕೆಲವೇ ಮನೆಗಳನ್ನು ನೋಡಿ ರಾಜ್ಯದ ಸ್ಥಿತಿಯನ್ನು ಊಹಿಸುವ ಇಂತಹ ಸಮೀಕ್ಷೆಯ ಕಣ್ಣಿಗೆ ಒಂದು ಕೇರಿಯು ಬೀಳುವಂತೆಯೂ ಇಲ್ಲ. ಪಾವಗಡದ ಹೆಣ್ಣುಮಗಳು ಬೆಂಗಳೂರಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಕುಳಿತರೆ ಕಾರ್ಖಾನೆಯ ಲೆಕ್ಕದಲ್ಲಿ ಅವಳು ಬೆಂಗಳೂರಿನವಳು. ಅವಳು ಕಳುಹಿಸುವ ಹಣದಿಂದ ಹೆಂಚು ಹೊದ್ದ ಮನೆಯು ಮಾತ್ರ ಅವಳ ಕೇರಿಯಲ್ಲಿರುತ್ತದೆ.

ಅಂಕಿಯು ಏರಿದರೆ ಒಳ್ಳೆಯದು, ಇಳಿದರೆ ಕೆಟ್ಟದು ಎಂಬ ಭಾವನೆಯೂ ಸಲ್ಲದು. 2005ರ ಉದ್ಯೋಗ ಖಾತರಿ ಕಾಯಿದೆಯು ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿಯ ಭರವಸೆಯನ್ನಿತ್ತಿತು. ಪಂಚಾಯಿತಿವಾರು ದಿನಗಳ ಲೆಕ್ಕವು ಎಲ್ಲರಿಗೂ ಕಾಣುವಂತೆ ಪ್ರಕಟವಾದುದರಿಂದ ಬಡವರ ಬದುಕಿನ ಬದಲಾವಣೆಯನ್ನು ಹಿಂಬಾಲಿಸಲು ಅದಕ್ಕಿಂತ ಹತ್ತಿರದ ಸಾಧನವು ಬೇರೆ ಇರಲಿಲ್ಲ. ಆದರೆ ಮಳೆ ಹೋದ ವರ್ಷ, ಹೊಲದ ಕೂಲಿ ನಿಂತಾಗ, ಜನರು ಬದು ಹಾಕಲು, ಕೆರೆಯ ಹೂಳೆತ್ತಲು ಅರ್ಜಿ ಕೊಡುತ್ತಾರೆ. ದಿನಗಳ ಲೆಕ್ಕವು ಏರುತ್ತದೆ. ಆ ಏರಿಕೆಯು ಹಸಿವಿನದು. ಕೂಲಿಯ ಹಣವು ಕೈಸೇರಲು ತಡವಾದಾಗ ಅದೇ ಜನರು ಗಂಟುಮೂಟೆ ಕಟ್ಟಿಕೊಂಡು ಪಟ್ಟಣಕ್ಕೆ ಹೋಗುತ್ತಾರೆ; ಲೆಕ್ಕವು ಇಳಿಯುತ್ತದೆ. ದೂರದಲ್ಲಿ ಕುಳಿತು ಓದುವವನಿಗೆ ಬರವು ತೀರಿದಂತೆ ಕಾಣುತ್ತದೆ.

ಪಾವಗಡದ ಸೌರವಿದ್ಯುತ್ ಕ್ಷೇತ್ರವು ಇದಕ್ಕೆ ಕಣ್ಣೆದುರಿನ ನಿದರ್ಶನ. ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ ಹರಡಿರುವ, 2,050 ಮೆಗಾವ್ಯಾಟ್ ಸಾಮರ್ಥ್ಯದ ಈ ಕ್ಷೇತ್ರವನ್ನು 2018ರ ಮಾರ್ಚಿಯಲ್ಲಿ ಉದ್ಘಾಟಿಸಿದರು. ಅದಕ್ಕಿಟ್ಟ ಹೆಸರು ‘ಶಕ್ತಿ ಸ್ಥಳ’. ಷಟ್‍ಸ್ಥಲವನ್ನು ಬೋಧಿಸುವ ನನ್ನಂಥವನ ಕಿವಿಗೆ ಅದು ಏನೇನೋ ಆಗಿ ಕೇಳಿಸಿದ್ದುಂಟು. ಅದಂತಿರಲಿ. ರೈತರ ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಬರಗಾಲದಲ್ಲಿ ಬಿತ್ತಿದ ಬೀಜವೂ ಮರಳದ ನೆಲಕ್ಕೆ ಇಷ್ಟು ಹಣ ಬಂದುದು ಒಡೆಯನಿಗೆ ದೊಡ್ಡ ನೆಮ್ಮದಿಯೇ ಸರಿ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ನೆಲವಿಲ್ಲದವನಿಗೆ ಗುತ್ತಿಗೆಯೆಲ್ಲಿಯದು? ಅದೇ ಹೊಲಗಳಲ್ಲಿ ಕಡಲೆಕಾಯಿಯ ಕಳೆ ತೆಗೆದು, ಗಿಡ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಹೆಂಗಸರ ಕೆಲಸವು ಗಾಜಿನ ಹಲಗೆಗಳ ಕೆಳಗೆ ಮುಚ್ಚಿಹೋಯಿತು. ಕೆಲವರಿಗೆ ಹಲಗೆ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ದೊರೆಯಿತು. ತಾಲೂಕಿನ ಒಟ್ಟು ವರಮಾನವನ್ನು ನೋಡಿದರೆ ಏಳಿಗೆ. ಕೂಲಿಯವರ ಕೇರಿಯನ್ನು ಹೊಕ್ಕು ನೋಡಿದರೆ ಬೇರೆ ಮಾತು. ಎರಡೂ ನಿಜ. ಒಂದರ ಬಾಯಿಂದ ಇನ್ನೊಂದನ್ನು ಮುಚ್ಚಿಸುವುದೇ ತಪ್ಪು.

ಹಾಗಾದರೆ ಎಣಿಸುವವನ ಹೊಣೆಯೇನು? ಎಣಿಸಲ್ಪಟ್ಟವನ ಮುಂದೆ ಆ ಲೆಕ್ಕವನ್ನು ಓದಿ ಹೇಳುವುದು, ‘ಇದು ನಿನ್ನ ಬದುಕೇ ಹೌದೇ?’ ಎಂದು ಕೇಳುವುದು ಇಷ್ಟಾದರೂ ಅವನ ಮೇಲಿದೆಯೆಂದು ನನ್ನ ಬುದ್ಧಿಗೆ ತೋರುತ್ತದೆ. ಬೆವರು ಸುರಿಸಿದವನಿಂದ ಅಂಕಿಯನ್ನು ಪಡೆದು ಅವನಿಗೆ ಏನನ್ನೂ ಮರಳಿಸದಿದ್ದರೆ ಅದು ದಾಸೋಹವಿಲ್ಲದ ಗಳಿಕೆಯಾಗುತ್ತದೆ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಉಪಾಧ್ಯಾಯರಾದ ನಮ್ಮ ಕೈಯಲ್ಲಿಯೂ ಅಂತಹುದೊಂದು ಲೆಕ್ಕವಿದೆ: ಹಾಜರಿ ಪುಸ್ತಕ. ಕಡಲೆಕಾಯಿಯ ಒಕ್ಕಣೆ ಮುಗಿದ ಮೇಲೆ ಯಾವ ಕೇರಿಯ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತದೆ, ಯುಗಾದಿಗೆ ಎಷ್ಟು ಮಕ್ಕಳು ಮರಳುತ್ತಾರೆ ಎಂಬುದು ಅದರಲ್ಲಿ ಕಾಣುತ್ತದೆ. ಬಹುಕಾಲ ನಾನು ಅದನ್ನು ಮಕ್ಕಳ ಸೋಮಾರಿತನದ ಪಟ್ಟಿಯೆಂದೇ ಓದಿದೆನೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷ ತಿಂಗಳುಗಟ್ಟಲೆ ಬಾರದಿದ್ದ ಬಾಲಕಿಯೊಬ್ಬಳು ಹಬ್ಬಕ್ಕೆ ಅಜ್ಜಿಯ ಮನೆಗೆ ಬಂದಾಗ ದಾರಿಯಲ್ಲಿ ಸಿಕ್ಕಿದಳು. ಶಾಲೆಯನ್ನು ಏಕೆ ಬಿಟ್ಟೆಯೆಂದು ಗದರಿದೆನು. “ಬಿಟ್ಟಿಲ್ಲ ಮೇಷ್ಟ್ರೇ, ಅಪ್ಪಂಗೆ ಬೆಂಗ್ಳೂರಲ್ಲಿ ಗಾರೆ ಕೆಲ್ಸ. ಇಲ್ಲಿ ಕೆಲ್ಸ ಸಿಕ್ಕಿದ್ರೆ ಬರ್ತೀವಿ” ಎಂದಳು. ಅವಳ ಹೆಸರಿನ ಮೇಲೆ ಕೆಂಪು ಗೆರೆಯನ್ನು ನಾನಿನ್ನೂ ಎಳೆದಿಲ್ಲ.